ಒಂಬತ್ತನೆಯ ಗೂಟ

ಮೂವತ್ತು ವರ್ಷ ದುಡಿದು ಗಳಿಸಿದ ವಿದ್ಯೆಯನ್ನು ನಲವತ್ತು ದಿನಗಳಲ್ಲಿ ಇನ್ನೊಬ್ಬರ ತಲೆಗೆ ದಾಟಿಸಲು ಬಂದರೆ ಏನಾದೀತು? ಗುಳೇದಗುಡ್ಡದ ನೇಕಾರರ ಓಣಿಯಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳಿಕೊಂಡಿರಲಿಲ್ಲ. ಪ್ರಶ್ನೆಗಿಂತ ಮೊದಲು ಉತ್ತರವೇ ಬಂದು ಬಾಗಲಕೋಟೆ ರಸ್ತೆಯ ಬದಿಗೆ ನಾಲ್ಕಂತಸ್ತಿನ ಬಿಳಿ ಕಟ್ಟಡವಾಗಿ ನಿಂತುಬಿಟ್ಟಿತು. ಬಾಗಿಲ ಮೇಲೆ 'ಕಸಿಪಾಠ ಕೇಂದ್ರ' ಎಂದು ಬರೆದಿತ್ತು. ಮಾವಿನ ಸಸಿಗೆ ಒಳ್ಳೆಯ ಜಾತಿಯ ಟೊಂಗೆ ಕಟ್ಟಿದ ಹಾಗೆ, ಬಲ್ಲವರ ಮಿದುಳಿನ ಎಳೆಗಳ ನಕ್ಷೆ ತೆಗೆದು ಕಲಿಯುವವರ ಮಿದುಳಿನಲ್ಲಿ ಅಂಥವೇ ಎಳೆಗಳನ್ನು ಕಟ್ಟುವ ಕೆಲಸ ಅಲ್ಲಿ ನಡೆಯುತ್ತಿತ್ತು. ಕಲಿಯುವವರು ನಲವತ್ತು ದಿನ ಅಲ್ಲೇ ಉಳಿದು, ದಿನಕ್ಕೆ ಆರು ತಾಸು, ಹಣೆಯಿಂದ ಕಿವಿಯವರೆಗೆ ತಂತಿಗಳು ಇಳಿಬಿದ್ದ ಪಟ್ಟಿಯೊಂದನ್ನು ಕಟ್ಟಿಕೊಂಡು ಮಲಗಬೇಕು. ಆ ಪಟ್ಟಿಗೆ ಏನೋ ಉದ್ದನೆಯ ಹೆಸರಿತ್ತು. ಓಣಿಯವರು ಅದನ್ನು ಬಾಸಿಂಗ ಎಂದರು. ಆಮೇಲೆ ಕೇಂದ್ರದ ಡಾಕ್ಟರರೂ ಹಾಗೇ ಅನ್ನತೊಡಗಿದರು.

ತಲೆಯೇನು ಗೋಣಿಚೀಲವಲ್ಲ, ತುರುಕಿದಷ್ಟೂ ಹಿಡಿಯಲಿಕ್ಕೆ. ಹೊಸ ಎಳೆಗಳಿಗೆ ಜಾಗ ಬೇಕಾದಾಗ ಅದು ಹಳೆಯವನ್ನು ಸಡಿಲಿಸುತ್ತದೆ. ನೆನಪು ಹೋಗುವುದಿಲ್ಲ, ನೆನಪಿಗೆ ಅಂಟಿಕೊಂಡ ಬಿಸುಪು ಹೋಗುತ್ತದೆ. ಅಜ್ಜ ಸತ್ತ ದಿನ ಯಾವುದೆಂದು ಗೊತ್ತಿರುತ್ತದೆ, ಅಳು ಮಾತ್ರ ಬರುವುದಿಲ್ಲ. ಕೇಂದ್ರದವರು ಇದನ್ನು ಮೊದಲ ವರ್ಷವೇ ಕಂಡುಕೊಂಡು ಒಂದು ಉಪಾಯ ಮಾಡಿದ್ದರು. ಕಲಿಯಲು ಬಂದ ಪ್ರತಿಯೊಬ್ಬರೂ ತಮ್ಮದು ಎನ್ನುವ ಹನ್ನೆರಡು ಸಂಗತಿಗಳನ್ನು ಮುಂಚೆಯೇ ದಾಖಲಿಸಬೇಕು. ಅವುಗಳ ಎಳೆಗಳಿಗೆ ಯಂತ್ರ ಗುರುತು ಹಾಕಿ ಬಿಗಿಯುತ್ತದೆ. ಕಸಿ ಅವುಗಳ ತಂಟೆಗೆ ಹೋಗುವುದಿಲ್ಲ. ಅವಕ್ಕೆ ಗೂಟ ಎಂದು ಹೆಸರು. ಹದಿಮೂರನೆಯದಕ್ಕೆ ಅವಕಾಶವಿಲ್ಲ. ಕೊಟ್ಟಿಗೆಯ ತುಂಬ ಗೂಟವನ್ನೇ ಹೊಡೆದರೆ ದನ ಎಲ್ಲಿ ನಿಲ್ಲಬೇಕು?

ಸಂಗಪ್ಪನ ಮಗಳು ಬನಶಂಕರಿಯ ಹನ್ನೆರಡು ಗೂಟಗಳಲ್ಲಿ ಹನ್ನೊಂದು ಸರಿಯಾಗಿಯೇ ಕೂತವು. ಈ ಕಥೆ ಒಂಬತ್ತನೆಯದರದ್ದು.

ಅದಕ್ಕೆ ಮೊದಲು ಅವಳ ಹೆಸರಿನ ಸಂಗತಿ ಹೇಳಬೇಕು. ಬನಶಂಕರಿ ಹುಟ್ಟಿದ್ದು ಅವಳ ಅಪ್ಪನ ತಾಯಿ ತೀರಿಕೊಂಡ ಆರು ತಿಂಗಳಿಗೆ. ಮುದುಕಿಯೇ ತಿರುಗಿ ಬಂದಳೆಂದು ಹಿಗ್ಗಿ ಮುದುಕಿಯ ಹೆಸರನ್ನೇ ಇಟ್ಟರು. ತೊಟ್ಟಿಲ ಪಕ್ಕದಲ್ಲಿ ಕೂತಿದ್ದ ಬಾಣಂತಿ ರಾಚವ್ವನೊಬ್ಬಳಿಗೆ ಮಾತ್ರ ಪೇಚಿಗಿಟ್ಟುಕೊಂಡಿತು. ಅತ್ತೆಯ ಹೆಸರನ್ನು ಸೊಸೆಯಾದವಳು ಬಾಯಿಂದ ತೆಗೆಯಬಾರದು. ಗಂಡನ ಹೆಸರಾದರೂ ಮದುವೆ ಸೀಮಂತಗಳಲ್ಲಿ ಒಡಪು ಹಾಕಿ ಹೇಳಬಹುದು, ಅತ್ತೆಯ ಹೆಸರಿಗೆ ಆ ರಿಯಾಯಿತಿಯೂ ಇಲ್ಲ. ರಾಚವ್ವ ಈ ವಿಷಯದಲ್ಲಿ ಎಷ್ಟು ಕಟ್ಟುನಿಟ್ಟೆಂದರೆ ಮನೆದೇವರನ್ನು ಕೂಡ 'ಬಾದಾಮಿ ತಾಯಿ' ಎನ್ನುತ್ತಿದ್ದಳು. ಮಗಳನ್ನು ಕೂಸವ್ವ ಎಂದಳು. ಮಗಳು ಕೂಸಾಗಿದ್ದಾಗಲೂ ಕೂಸವ್ವ, ಹತ್ತನೆಯ ತರಗತಿಯಲ್ಲಿ ಜಿಲ್ಲೆಗೆ ಎರಡನೆಯವಳಾಗಿ ಪಾಸಾದಾಗಲೂ ಕೂಸವ್ವ. ಲೋಕದಲ್ಲಿ ಆ ಹೆಸರಿನಿಂದ ಅವಳನ್ನು ಕರೆಯುವ ಜೀವ ಅದೊಂದೇ.

ಹಾಗೆ ಕರೆದಾಗ ಬನಶಂಕರಿ ತಿರುಗುತ್ತಿದ್ದಳು, ಅಷ್ಟೇ. ನಾಲ್ಕು ಮಗ್ಗಗಳ ಸದ್ದಿನ ನಡುವೆ ಇದ್ದರೂ, ಅವ್ವನ ಮೇಲೆ ಸಿಟ್ಟು ಮಾಡಿಕೊಂಡು ಕೂತಿದ್ದರೂ, ಕರೆ ಮುಗಿಯುವ ಮೊದಲೇ ಕುತ್ತಿಗೆ ತಿರುಗಿರುತ್ತಿತ್ತು. ಎದೆಯಲ್ಲಿ ಏನೋ ಒಂದು ತನ್ನ ಜಾಗಕ್ಕೆ ಹೋಗಿ ಕೂರುತ್ತಿತ್ತು. ಉಸಿರಾಡುವುದನ್ನು ಯಾರು ಗಮನಿಸುತ್ತಾರೆ? ಅವಳೂ ಅದನ್ನು ಗಮನಿಸಿರಲಿಲ್ಲ.

ಗೂಟ ಬರೆಸುವ ದಿನ ಕೇಂದ್ರದ ಪಡಸಾಲೆಯಲ್ಲಿ ಉದ್ದನೆಯ ಸಾಲಿತ್ತು. ಬನಶಂಕರಿಯ ಜೊತೆ ಅವಳ ಅವ್ವ ರಾಚವ್ವ ಮತ್ತು ಅಪ್ಪನ ಅಕ್ಕ ನೀಲವ್ವ ಬಂದಿದ್ದರು. ನೀಲವ್ವನಿಗೆ ಮಕ್ಕಳಿಲ್ಲ, ಗಂಡನೂ ಹೋಗಿ ಹತ್ತು ವರ್ಷವಾಗಿತ್ತು. ಎರಡು ಮನೆ ಆಚೆ ಒಬ್ಬಳೇ ಇರುತ್ತಿದ್ದಳು. ಬಾಯಿ ಎಂಥದೆಂದರೆ ಅವಳು ಮಾತು ನಿಲ್ಲಿಸಿದರೆ ಓಣಿಯವರು ಜ್ವರ ಬಂತೇನೆಂದು ನೋಡಲು ಬರುವಂಥದು.

ಫಾರಂ ತುಂಬುತ್ತ ಬಂದ ಬನಶಂಕರಿ ಒಂಬತ್ತಕ್ಕೆ ನಿಂತಳು. ತಾಯಿಗೆಂದು ಇದ್ದದ್ದು ಅದೊಂದೇ ಗೂಟ, ಅದೂ ದನಿಯದು. ಹೊಟ್ಟೆಯಲ್ಲಿದ್ದಾಗಲೇ ಮಗು ತಾಯಿಯ ದನಿ ಕೇಳುತ್ತದೆ, ಆ ಎಳೆಯೇ ಎಲ್ಲಕ್ಕಿಂತ ಆಳ; ತಾಯಿಯ ಮುಖ, ಕೈ, ಮಡಿಲು ಎಲ್ಲ ಅದಕ್ಕೇ ಕಟ್ಟಿಕೊಂಡಿರುತ್ತವೆ, ಅದೊಂದನ್ನು ಬಿಗಿದರೆ ಸಾಕು ಎಂದು ಕೇಂದ್ರದವರ ಲೆಕ್ಕ. ತಾಯಿ ಮೈಕಿನ ಮುಂದೆ ನಿಂತು ಮಗಳನ್ನು ದಾಖಲೆಯ ಹೆಸರಿನಿಂದ ಮೂರು ಸಲ ಕರೆಯಬೇಕು. ಅದರ ಕೆಳಗೆ 'ಮನೆಯಲ್ಲಿ ಕರೆಯುವ ಹೆಸರು ಬೇರೆ ಇದ್ದರೆ' ಎಂದು ಒಂದು ಖಾಲಿ ಜಾಗವಿತ್ತು; ಅದನ್ನು ತುಂಬಿದರೆ ತಾಯಿ ಆ ಹೆಸರಿನಿಂದಲೇ ಕರೆಯಬಹುದಿತ್ತು. ಬರೆದ ಹೆಸರನ್ನು ಕೌಂಟರಿನ ಹುಡುಗಿ ಮೈಕಿನಲ್ಲಿ ಓದಿ ಹೇಳುತ್ತಿದ್ದಳು. ಬನಶಂಕರಿಯ ಹಿಂದೆ ಧಾರವಾಡದಿಂದ ಬಂದ ಇಬ್ಬರು ನಿಂತಿದ್ದರು, ಇಸ್ತ್ರಿ ಮಾಡಿದ ಮಾತಿನವರು. ಇಪ್ಪತ್ತೆರಡು ವರ್ಷದವಳು, ಎಂಜಿನಿಯರ್ ಆಗಲು ಹೊರಟವಳು, ಅವರೆದುರು ಕೂಸವ್ವ ಅನ್ನಿಸಿಕೊಳ್ಳಬೇಕೆ? ಅವಳು ಆ ಜಾಗದಲ್ಲಿ ಒಂದು ಗೆರೆ ಎಳೆದಳು.

"ಅವ್ವ, ನನ್ನ ಹೆಸರ ಹಿಡದು ಕರೀಬೇಕಂತ."

ರಾಚವ್ವ ಸೆರಗನ್ನು ಬಾಯಿಗೆ ಹಿಡಿದುಕೊಂಡಳು. "ಏ ಹುಚ್ಚಿ, ಅದ್ಹೆಂಗ ಕರೀಲಿ? ಅದು ಅತ್ತಿ ಹೆಸರು."

"ಅಜ್ಜಿ ಸತ್ತು ಇಪ್ಪತ್ಮೂರು ವರ್ಷ ಆತು."

"ಸತ್ರ ಅತ್ತಿ ಅತ್ತಿ ಅಲ್ಲೇನು?"

ಸಾಲಿನವರು ಹಿಂದಿನಿಂದ ದೂಡುತ್ತಿದ್ದರು. ನೀಲವ್ವ ಮುಂದೆ ಬಂದಳು. "ಸರೀರಿ ಇಬ್ರೂ. ನನಗ ಅದು ನಮ್ಮವ್ವನ ಹೆಸರ, ನಾ ಕರದ್ರ ಯಾ ಪಾಪಾನೂ ಇಲ್ಲ. ಒಂದ ಮನಿ ದನಿ, ಆ ಮಶಿನ್ನಿಗೇನ ತಿಳೀತೈತಿ?"

"ಹೋಗ್ಲಿ ಬಿಡವ್ವ, ನೀಲತ್ತೀನ ಕರೀಲಿ," ಎಂದವಳು ಬನಶಂಕರಿಯೇ.

ನೀಲವ್ವ ಮೈಕಿಗೆ ಬಾಯಿ ಹಚ್ಚಿ ಮೂರು ಸಲ ಕರೆದಳು. ಹಸಿರು ದೀಪ ಹತ್ತಿತು. ರಾಚವ್ವ ತಾಯಿಯ ಜಾಗದಲ್ಲಿ ಸಹಿ ಹಾಕಿದಳು. ಮೂವರೂ ಹೊರಗೆ ಬಂದು ಗಾಡಿಯ ಹತ್ತಿರ ನಿಂತು ಗಿರ್ಮಿಟ್ ತಿಂದರು. ಅತ್ತೆಯ ಮಾನವೂ ಉಳಿಯಿತು, ಮಗಳ ಕೆಲಸವೂ ಆಯಿತು ಎಂದು ರಾಚವ್ವನಿಗೆ ಆ ದಿನ ಬಲು ಸಮಾಧಾನವಾಗಿತ್ತು.

ಬನಶಂಕರಿಯ ಪಾಲಿಗೆ ಬಂದದ್ದು ನಾಡಗೌಡರ ವಿದ್ಯೆ. ನಾಡಗೌಡರು ಹೊಳೆಯ ಮೇಲಿನ ಆಣೆಕಟ್ಟಿನಲ್ಲಿ ಮೂವತ್ತೊಂದು ವರ್ಷ ಗೇಟು ನೋಡಿಕೊಂಡ ಎಂಜಿನಿಯರು. ನಿವೃತ್ತರಾಗುವ ಮೊದಲು ತಮ್ಮ ನಕ್ಷೆ ಕೊಟ್ಟು ಹೋಗಿದ್ದರು. ಹನ್ನೆರಡನೆಯ ದಿನಕ್ಕೆ ಅವಳಿಗೆ ಒಳಹರಿವು ಹೊರಹರಿವಿನ ಲೆಕ್ಕ ಬಾಯಿಪಾಠದಂತೆ ಬಂತು. ಇಪ್ಪತ್ತಾರನೆಯ ದಿನಕ್ಕೆ, ತಾನು ಕಂಡೇ ಇಲ್ಲದ ಗೇಟೊಂದು ಮೇಲೇಳುವಾಗ ಯಾವ ಸದ್ದು ಮಾಡಿದರೆ ಎಲ್ಲಿ ತುಕ್ಕು ಹಿಡಿದಿದೆ ಎಂದು ಗೊತ್ತಾಯಿತು. ಅದರ ಜೊತೆಗೆ ನಾಡಗೌಡರ ಕೆಮ್ಮೂ ಬಂತು. ಮುಖ್ಯವಾದ ಮಾತಾಡುವ ಮೊದಲು ಎರಡು ಸಲ ಕೆಮ್ಮುವುದು ಅವರ ರೂಢಿಯಂತೆ.

"ಆರು ತಿಂಗಳಿಗೆ ಅದು ತಾನ ಹೋಗ್ತದ," ಎಂದರು ಕೊಣ್ಣೂರ ಮೇಡಂ. ಅವರೇ ಅವಳ ಕಸಿ ನೋಡಿಕೊಳ್ಳುತ್ತಿದ್ದ ಡಾಕ್ಟರು.

ವಾರಕ್ಕೊಮ್ಮೆ ಗೂಟಗಳ ತಪಾಸಣೆ. ಪರದೆಯ ಮೇಲೆ ಹನ್ನೆರಡು ಚುಕ್ಕಿಗಳು, ಒಂದೊಂದನ್ನೂ ಮುಟ್ಟಿ ನೋಡುತ್ತಿದ್ದರು. ಅಪ್ಪನ ಮಗ್ಗದ ಸದ್ದು ಹಾಕಿದರು, ಬೆಳಗಿತು. ನೂಲಿಗೆ ಹಚ್ಚುವ ಗಂಜಿಯ ವಾಸನೆ ತೋರಿಸಿದರು, ಬೆಳಗಿತು. ಒಂಬತ್ತನೆಯದರಲ್ಲಿ ನೀಲವ್ವನ ದನಿ ಹಾಕಿದಾಗ ಚುಕ್ಕಿ ಎಲ್ಲಕ್ಕಿಂತ ಹೆಚ್ಚು ಬೆಳಗಿತು, ಬನಶಂಕರಿಯ ಕಣ್ಣಲ್ಲಿ ನೀರು ಬಂತು. ತಾಯಿಯ ಜಾಗದಲ್ಲಿ ಬಿಗಿದ ದನಿಗೆ ಸುತ್ತಲಿನ ಎಳೆಗಳೆಲ್ಲ ಬಂದು ಕಟ್ಟಿಕೊಂಡಿದ್ದವು.

"ತಾಯಿ ದನಿ ಗಟ್ಟಿ ಕೂತದ, ಇಷ್ಟು ಗಟ್ಟಿ ಭಾಳ ಮಂದೀಗೆ ಕೂಡೂದಿಲ್ಲ," ಎಂದು ಮೇಡಂ ಮೆಚ್ಚಿಕೊಂಡು ಬರೆದುಕೊಂಡರು. ಇದು ನೀಲತ್ತಿಯ ದನಿ ಎಂದು ಬನಶಂಕರಿಗೆ ಗೊತ್ತಿತ್ತು. ಹೇಳಬೇಕೆನ್ನಿಸಲಿಲ್ಲ. ಆ ದಿನಗಳಲ್ಲಿ ಅವಳಿಗೆ ಯಾವುದೂ ಅಂಥ ದೊಡ್ಡ ಸಂಗತಿ ಅನ್ನಿಸುತ್ತಿರಲಿಲ್ಲ. ಚಳಿಗಾಲದ ಬೆಳಿಗ್ಗೆ ತಣ್ಣೀರಲ್ಲಿ ಬಹಳ ಹೊತ್ತು ಇಟ್ಟ ಕೈಯ ಹಾಗೆ ಇಡೀ ಮನಸ್ಸು ಮರಗಟ್ಟಿತ್ತು. ಕಸಿ ಕಟ್ಟಿಸಿಕೊಂಡವರಿಗೆಲ್ಲ ಹೀಗಾಗುತ್ತದೆ ಎಂದು ಪುಸ್ತಿಕೆಯಲ್ಲಿ ಅಚ್ಚು ಹಾಕಿಸಿದ್ದರು.

ನಲವತ್ತೊಂದನೆಯ ದಿನ ಮನೆಗೆ ಬಂದಳು. ಹೊಸ್ತಿಲಲ್ಲಿ ಚಪ್ಪಲಿ ಬಿಡುತ್ತಿದ್ದಾಗ ಒಳಗಿನಿಂದ ಒಂದು ದನಿ ಬಂತು. "ಕೂಸವ್ವಾ, ಬಂದ್ಯಾ?"

ಯಾರೋ ಹೆಂಗಸು ಯಾರನ್ನೋ ಕರೆಯುತ್ತಿದ್ದಾಳೆ ಎಂದು ಬನಶಂಕರಿ ಚಪ್ಪಲಿಯ ಪಟ್ಟಿ ಬಿಚ್ಚುತ್ತಲೇ ಇದ್ದಳು. ಕೂಸವ್ವ ಎಂದರೆ ತಾನು, ಕರೆಯುವವಳು ತಾಯಿ ಎಂಬ ಮಾಹಿತಿ ಆಮೇಲೆ ನೆನಪಿಗೆ ಬಂತು. ತಲೆಯೆತ್ತಿ ನೋಡಿದಳು. ರಾಚವ್ವ ಆರತಿಯ ತಟ್ಟೆ ಹಿಡಿದು ನಿಂತಿದ್ದಳು. ಎಡಗೈ ತೋರುಬೆರಳಿನಲ್ಲಿ ಕಂಡಿಕೆಗೆ ನೂಲು ಸುತ್ತಿ ಸುತ್ತಿ ಬಿದ್ದ ಗೀರು, ಹಣೆಯ ಮೇಲೆ ದೊಡ್ಡ ಕುಂಕುಮ. ಎಲ್ಲ ಗುರುತೂ ಸರಿಯಾಗಿತ್ತು. "ಹೂಂ," ಎಂದಳು.

ಅಷ್ಟರಲ್ಲಿ ಓಣಿಯ ಆ ತುದಿಯಿಂದ ಕೂಗು ಕೇಳಿಸಿತು. "ಏ ಬನಶಂಕರೀ!"

ಒಂದು ಚಪ್ಪಲಿ ಕಾಲಲ್ಲಿದ್ದಂತೆಯೇ ಬನಶಂಕರಿ ತಿರುಗಿ ಓಡಿದಳು. ನೀಲವ್ವನನ್ನು ಅಪ್ಪಿಕೊಂಡು, ಅವಳ ಹೆಗಲಿಗೆ ಮುಖ ಒತ್ತಿ, ಬಿಕ್ಕಿ ಬಿಕ್ಕಿ ಅತ್ತಳು. ನಲವತ್ತು ದಿನದಲ್ಲಿ ಮೊದಲ ಸಲ ಮೈಗೆ ಬಿಸುಪು ಬಂದಂತಾಯಿತು. ಅಳುವುದು ತನಗೇ ಹಿತವಾಗಿತ್ತು. ನೀಲವ್ವ ಮೊದಲು ನಕ್ಕಳು, ಆಮೇಲೆ ಅವಳ ತಲೆ ನೇವರಿಸಿದಳು, ಆಮೇಲೆ ಹೊಸ್ತಿಲಲ್ಲಿ ತಟ್ಟೆ ಹಿಡಿದು ನಿಂತ ತಮ್ಮನ ಹೆಂಡತಿಯನ್ನು ಕಂಡು ನಿಧಾನಕ್ಕೆ ಕೈ ಬಿಡಿಸಿಕೊಂಡಳು.

"ದಣದಾಳ, ಬಿಡ್ರಿ," ಎಂದ ಸಂಗಪ್ಪ ಮಗ್ಗದ ಕುಣಿಯೊಳಗಿನಿಂದಲೇ. ಗಂಡಸರಿಗೆ ಎಲ್ಲಕ್ಕೂ ದಣಿವೇ ಕಾರಣ.

ಆಣೆಕಟ್ಟಿನ ನಿಯಂತ್ರಣ ಕೊಠಡಿಯಲ್ಲಿ ಬನಶಂಕರಿಗೆ ಕೆಲಸ ಸಿಕ್ಕಿತು. ಮೂರು ಕಡೆ ಗಾಜು, ಎದುರಿಗೆ ನೀರು, ಮೇಜಿನ ಮೇಲೆ ಇಪ್ಪತ್ತಾರು ಗೇಟುಗಳ ಇಪ್ಪತ್ತಾರು ಸಣ್ಣ ಪರದೆ. ಕೂತ ಮೊದಲ ದಿನವೇ ಹತ್ತೊಂಬತ್ತನೆಯ ಗೇಟಿನ ಮೋಟಾರು ಇನ್ನೊಂದು ವಾರಕ್ಕೆ ಸುಡುತ್ತದೆ ಎಂದಳು. ಬಿಚ್ಚಿ ನೋಡಿದರೆ ಹೌದು. ಬೆಳಿಗ್ಗೆ ಚಹಾ ತರುವ ಮುದುಕ ಬಾಬಣ್ಣ ಅವಳು ಎರಡು ಸಲ ಕೆಮ್ಮಿದ್ದನ್ನು ಕೇಳಿ ಕಪ್ಪು ಕೆಳಗಿಟ್ಟು, "ನಮ್ಮ ನಾಡಗೌಡ ಸಾಹೇಬ್ರು ಬಂದ್ರು ನೋಡ್ರಿ," ಎಂದು ಕೈಮುಗಿದ. ಕೆಲಸದಲ್ಲಿ ಅವಳಿಗೆ ಯಾವ ತೊಂದರೆಯೂ ಇರಲಿಲ್ಲ. ನೀರು ಏರಿದರೆ ಗೇಟು ಎತ್ತುವುದು, ಇಳಿದರೆ ಇಳಿಸುವುದು. ಅದರಲ್ಲಿ ಬಿಸುಪಿನ ಅಗತ್ಯ ಬೀಳುತ್ತಿರಲಿಲ್ಲ.

ಒಂದು ಮಧ್ಯಾಹ್ನ ಒಳಹರಿವು ಎಂಬತ್ತು ಸಾವಿರ ಕ್ಯೂಸೆಕ್ ದಾಟಿದಾಗ ಫೋನು ಬಂತು.

"ಕೂಸವ್ವಾ, ಉಂಡ್ಯಾ?"

"ಹೇಳ್ರಿ," ಎಂದಳು ಬನಶಂಕರಿ, ಪರದೆಯ ಮೇಲಿನ ಕಣ್ಣು ತೆಗೆಯದೆ.

ನಮ್ಮ ಕಡೆ ಹಡೆದವ್ವನಿಗೆ ಯಾರೂ ರೀ ಹಚ್ಚುವುದಿಲ್ಲ. ಹಚ್ಚಿದರೆ ಒಂದೋ ಜಗಳ ಆಗಿರಬೇಕು, ಇಲ್ಲವೇ ಹುಡುಗಿಗೆ ತಲೆ ಕೆಟ್ಟಿರಬೇಕು. ಇಲ್ಲಿ ಎರಡೂ ಆಗಿರಲಿಲ್ಲ. ಬನಶಂಕರಿ ನಾಲ್ಕು ಗೇಟು ಎತ್ತಿಸಿ, ಸೈರನ್ ಹೊಡೆಸಿ, ಹದಿನೈದು ನಿಮಿಷದ ಮೇಲೆ ತಾನು ಏನೆಂದೆನೆಂದು ಯೋಚಿಸಿದಳು. ತಪ್ಪಾಯಿತು ಎಂದು ಗೊತ್ತಾಯಿತು. ನಾಚಿಕೆಯಾಗಲಿಲ್ಲ. ನಾಚಿಕೆ ಆಗದೆ ಇದ್ದದ್ದೇ ಅವಳಿಗೆ ಮೊದಲ ಸಲ ಹೆದರಿಕೆ ತಂದಿತು. ಆ ಹೆದರಿಕೆಯೂ ದೂರದಲ್ಲಿ ಯಾರದೋ ಮನೆಗೆ ಬಂದ ಹಾಗಿತ್ತು.

ರಜೆಗೆ ಊರಿಗೆ ಬಂದಾಗ ಇನ್ನೊಂದು ಸಂಗತಿ ಕಂಡಿತು. ನೀಲವ್ವ ಮಾತು ಬಿಟ್ಟಿದ್ದಳು. ಮೊದಮೊದಲು ಹಾಗಿರಲಿಲ್ಲ. ತಮ್ಮನ ಮಗಳು ತನ್ನ ಕರೆಗೆ ಅರಳುವುದನ್ನು ಕಂಡು ನೀಲವ್ವ ದಿನಕ್ಕೆ ನಾಲ್ಕು ಸಲ ನೆವ ಮಾಡಿಕೊಂಡು ಬರುತ್ತಿದ್ದಳು, ಉಪ್ಪು ಕೇಳಲು, ಉಪ್ಪು ತಿರುಗಿ ಕೊಡಲು. ಬಂಜೆ ಎಂದು ನಲವತ್ತು ವರ್ಷ ಅನ್ನಿಸಿಕೊಂಡವಳಿಗೆ ಮುಪ್ಪಿನಲ್ಲಿ ಬಯಸದೆ ಬಂದ ಭಾಗ್ಯ ಅದು. ಒಂದು ದಿನ ಹಾಗೆ ಕರೆದು, ಬನಶಂಕರಿ ಮಗುವಿನಂತೆ ಎದ್ದು ಬಂದಾಗ, ಅಡುಗೆಮನೆಯ ಬಾಗಿಲಲ್ಲಿ ರಾಚವ್ವ ರೊಟ್ಟಿಯ ಹಿಟ್ಟಿನ ಕೈಯಲ್ಲೇ ನಿಂತು ನೋಡುತ್ತಿದ್ದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ಸಿಟ್ಟಾದರೂ ಇದ್ದಿದ್ದರೆ ನೀಲವ್ವ ಜಗಳಾಡಿ ಹಗುರಾಗುತ್ತಿದ್ದಳು. ಅಂದಿನಿಂದ ಬನಶಂಕರಿ ಮನೆಯಲ್ಲಿದ್ದರೆ ನೀಲವ್ವ ಬಾಯಿಗೆ ಸೆರಗು ಕಟ್ಟಿದವಳ ಹಾಗೆ ಬರುತ್ತಿದ್ದಳು, ಕೈಸನ್ನೆಯಲ್ಲಿ ಉಪ್ಪು ಕೇಳುತ್ತಿದ್ದಳು, ಹೋಗುತ್ತಿದ್ದಳು. ಓಣಿಯವರು ಜ್ವರ ನೋಡಲು ನಿಜವಾಗಿಯೂ ಬಂದರು.

"ನೀಲತ್ತಿ ಯಾಕ ಮೂಕಿ ಆಗ್ಯಾಳ?" ಎಂದು ಬನಶಂಕರಿ ಕೇಳಿದಳು.

"ನನ್ನ ಸಲುವಾಗಿ," ಎಂದಳು ರಾಚವ್ವ. ಕಂಡಿಕೆ ಸುತ್ತುವುದನ್ನು ನಿಲ್ಲಿಸಿ ಮಗಳ ಎದುರು ಬಂದು ಕೂತಳು. "ಖರೇ ಹೇಳು. ನಾ ಕರದ್ರ ನಿನಗ ಏನೂ ಅನ್ಸೂದಿಲ್ಲ ಹೌದಲ್ಲ?"

ಬನಶಂಕರಿ ಎರಡು ಸಲ ಕೆಮ್ಮಿದಳು. "ಇಲ್ಲ. ನೀ ನಮ್ಮವ್ವ ಅನ್ನೂದು ಗೊತ್ತೈತಿ. ಗೊತ್ತಿದ್ದಷ್ಟ ಐತಿ."

ರಾಚವ್ವ ಎದ್ದು ಸೆರಗು ಸರಿಮಾಡಿಕೊಂಡಳು. "ಆ ಮೇಡಂ ಕಡೆ ಹೋಗೂಣ," ಎಂದಳು. "ನಾನ ಕರೀಬೇಕಿತ್ತಲ್ಲ. ಕರೀತೀನಿ."

ಕೊಣ್ಣೂರ ಮೇಡಂ ಫೈಲು ತೆಗೆದು ಒಂಬತ್ತನೆಯ ಸಾಲಿನ ಮೇಲೆ ಬೆರಳಿಟ್ಟರು. ಸಹಿ ತಾಯಿಯದು, ದನಿ ಅವಳ ಗಂಡನ ಅಕ್ಕನದು ಎಂದು ಕೇಳಿ ತಲೆ ಹಿಡಿದುಕೊಂಡರು. ಕಾರಣ ಕೇಳಿದ ಮೇಲೆ ಮಾತ್ರ ನಗಲೂ ಇಲ್ಲ, ಬಯ್ಯಲೂ ಇಲ್ಲ.

"ನಮ್ಮ ಅಜ್ಜಿ ಹೆಸರು ತುಳಸಾಬಾಯಿ," ಎಂದರು. "ನಮ್ಮವ್ವ ಇವತ್ತಿಗೂ ತುಳಸಿಗೆ ಕಟ್ಟಿ ಗಿಡ ಅಂತಾಳ. ಫಾರಂ ಮಾಡಿದವ್ರು ದೂರದ ಊರಿನವ್ರು, ಅವ್ರಿಗೆ ಗೊತ್ತಿಲ್ಲ. ನನಗ ಗೊತ್ತಿತ್ತು, ನಾನರ ಹೇಳಬೇಕಾಗಿತ್ತು." ಆಮೇಲೆ ಬನಶಂಕರಿಯ ಕಡೆ ನೋಡಿದರು. "ಮನೀ ಹೆಸರಿನ ಜಾಗದಾಗ ಗೆರಿ ಎಳದೀಯಲ್ಲ. ಅದೊಂದು ಬರದಿದ್ರ ಸಾಕಾಗ್ತಿತ್ತು. ಯಾಕ ಬರೀಲಿಲ್ಲ?"

"ಹಿಂದ ಮಂದಿ ನಿಂತಿದ್ರು. ನಾಚಿಕಿ ಬಂತು." ಬನಶಂಕರಿ ಇದನ್ನು ನೀರಿನ ಮಟ್ಟ ಹೇಳುವ ದನಿಯಲ್ಲಿಯೇ ಹೇಳಿದಳು.

ರಾಚವ್ವ ಪಕ್ಕದಲ್ಲೇ ಕೂತಿದ್ದಳು. ಅವಳಿಗೆ ಗೆರೆಯ ವಿಷಯ ಗೊತ್ತಾದದ್ದು ಆಗಲೇ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು, ಬಿಚ್ಚಿ, "ಹೌದೇಳು," ಎಂದಳು. "ಇಷ್ಟ ದೊಡ್ಡಾಕಿಗೆ ನಾಲ್ಕ ಮಂದ್ಯಾಗ ಕೂಸವ್ವ ಅಂದ್ರ ನಾಚಿಕಿ ಬರೂದ."

ಒಂದೇ ಒಂದು ದಾರಿ ಇದೆ ಎಂದರು ಮೇಡಂ. ಬಿಗಿಯದೆ ಬಿಟ್ಟ ಎಳೆಗಳು ಬಿಚ್ಚಿಹೋಗಿವೆ. ಆದರೆ ಮೊದಲನೆಯ ಗೂಟ, ಅಂದರೆ ಅವಳ ಸ್ವಂತ ಹೆಸರು, ಗಟ್ಟಿಯಾಗಿಯೇ ಇದೆ. ತಾಯಿ ಆ ಹೆಸರು ಹಿಡಿದು ಕರೆದಾಗ ಆ ದನಿಯನ್ನು ಹೆಸರಿನ ಗೂಟಕ್ಕೇ ಕಟ್ಟಲು ಬರಬಹುದು. ಬರದೆಯೂ ಇರಬಹುದು.

ಬನಶಂಕರಿಗೆ ಬಾಸಿಂಗ ಕಟ್ಟಿ ಮಲಗಿಸಿದರು. ಗಾಜಿನ ಆಚೆ ರಾಚವ್ವ ಮೈಕಿನ ಮುಂದೆ ನಿಂತಳು. ಮೊದಲು ಕೂಸವ್ವ ಎಂದು ಕರೆಸಿ ನೋಡಿದರು. ಪರದೆ ಕಪ್ಪಾಗಿಯೇ ಇತ್ತು. ಆಮೇಲೆ ಮೇಡಂ ಕೈಸನ್ನೆ ಮಾಡಿದರು. ರಾಚವ್ವ ಚಪ್ಪಲಿ ಕಳಚಿ ಗೋಡೆಗೆ ಸರಿಸಿದಳು, ತಲೆಯ ಮೇಲೆ ಸೆರಗು ಹೊದ್ದಳು, ಬಗ್ಗಿ ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡಳು. "ತಪ್ಪಾತು ಅತ್ತಿ, ಹೊಟ್ಯಾಗ ಹಾಕ್ಕೋ," ಎಂದದ್ದು ಮೈಕಿನಲ್ಲಿ ಎಲ್ಲರಿಗೂ ಕೇಳಿಸಿತು. ಬಾಯಿ ಎರಡು ಸಲ ತೆರೆದು ಎರಡು ಸಲ ಮುಚ್ಚಿತು.

"ಬನಶಂಕರಿ."

ನಲವತ್ತೇಳು ವರ್ಷದ ಬಾಯಲ್ಲಿ ಮೊದಲ ಸಲ ಬಂದ ಮಾತು. ಒಂದನೇ ಇಯತ್ತೆಯ ಮಗು ಹಲಗೆಯ ಮೇಲಿನ ಅಕ್ಷರ ಓದಿದಂತೆ ಬಂತು. "ಬನಶಂಕರಿ. ಬನಶಂಕರಿ."

ಮೊದಲನೆಯ ಚುಕ್ಕಿ ಬೆಳಗಿತು. ಮೇಡಂ ಮುಂದಕ್ಕೆ ಬಾಗಿ ನೋಡಿದರು. ಅದರಿಂದ ಯಾವ ಎಳೆಯೂ ಹೊರಡಲಿಲ್ಲ. ಇನ್ನೂ ಮೂರು ಸಲ ಕರೆಸಿದರು, ಅಷ್ಟೇ.

"ಹೆಸರು ಕೇಳಿ ಬೆಳಗ್ತದ," ಎಂದರು ಮೇಡಂ ಕೊನೆಗೆ. "ದನಿ ಕೇಳಿ ಅಲ್ಲ. ಬ್ಯಾಂಕಿನಾಗ ಕ್ಲರ್ಕ್ ಕರದ್ರೂ ಇಷ್ಟ ಬೆಳಗ್ತದ. ನೀವು ಈ ಹೆಸರಿಲೆ ಅಕೀನ್ನ ಎಂದೂ ಕರದಿಲ್ಲಲ್ಲ ತಾಯಿ, ಹಿಡಕೊಳ್ಳಾಕ ಅಲ್ಲಿ ಏನೂ ಇಲ್ಲ."

ಮರ್ಯಾದೆಯೂ ಹೋಯಿತು, ಕೆಲಸವೂ ಆಗಲಿಲ್ಲ. ಬಾಸಿಂಗದ ತಂತಿಗಳ ನಡುವಿನಿಂದ ಬನಶಂಕರಿ ಗಾಜಿನ ಆಚೆಗಿನ ಹೆಂಗಸನ್ನು ನೋಡಿದಳು. ಆ ಹೆಂಗಸು ಏನು ಕಳೆದುಕೊಂಡಳೆಂದು ಅವಳಿಗೆ ಪೂರ್ತಿ ಅರ್ಥವಾಗಿತ್ತು. ಅಳಬೇಕಾದ ಹೊತ್ತು ಇದು ಎಂದೂ ತಿಳಿಯಿತು. ಕಣ್ಣು ಒಣಗಿಯೇ ಇತ್ತು.

ಹೊರಡುವ ಮುಂಚೆ ಮೇಡಂ ಕೇಳಿದರು, "ಆ ನೀಲವ್ವನ ದನೀದು ಬೇಕಾದ್ರ ಕಿತ್ತು ಹಾಕಬಹುದು. ಮನಿಯಾಗ ನಿಮಗ ತ್ರಾಸ ಕಡಿಮಿ ಆದೀತು."

ರಾಚವ್ವ ಚಪ್ಪಲಿ ಮೆಟ್ಟುತ್ತಿದ್ದವಳು ತಿರುಗಿ ನೋಡಿದಳು. "ಬ್ಯಾಡ್ರಿ. ಒಬ್ಬರ ದನಿಗರ ನನ್ನ ಮಗಳ ಜೀವ ಹಿಗ್ಗತೈತಲ್ಲ, ಅದನ್ಯಾಕ ಕೀಳತೀರಿ?"

ಬಸ್ಸಿನಲ್ಲಿ ಇಬ್ಬರೂ ಅಕ್ಕಪಕ್ಕ ಕೂತರು. ಬಸ್ಸು ಗುಡ್ಡದ ತಿರುವು ದಾಟಿತು. ಆಮೇಲೆ ರಾಚವ್ವ ಇದ್ದಕ್ಕಿದ್ದಂತೆ ಹೂಂ ಎಂದು ನಕ್ಕಳು.

"ಹೇಳೇ ಬಿಟ್ನಲ್ಲ. ನಾಲಿಗಿ ಏನ ಬಿದ್ದು ಹೋಗ್ಲಿಲ್ಲ. ಅತ್ತಿ ಮ್ಯಾಲ ಕುಂತು ನಗಾಕತ್ತಿರಬೇಕು."

ಬನಶಂಕರಿ ಎರಡು ಸಲ ಕೆಮ್ಮಿದಳು. "ನಾ ಕೆಲಸ ಬಿಡ್ಲೇನು? ಕಸಿ ಬಿಚ್ಚಿಸಿದ್ರ ಒಂದೀಟು ಹಳೇದು ತಿರುಗಿ ಬಂದೀತು ಅಂತಾರ ಕೆಲವ್ರು."

"ಯಾಕ ಬಿಡ್ತಿ? ಹೊಳಿ ನೀರ ನೋಡ್ಕೊಳ್ಳಾಕ ಮಂದಿ ಬ್ಯಾಡೇನು? ಕಲ್ತದ್ದು ತಪ್ಪಲ್ಲ." ರಾಚವ್ವ ಕಿಟಕಿಯ ಕಡೆ ನೋಡುತ್ತ ಮಾತಾಡಿದಳು. "ನೀ ಹುಟ್ಟಿದಾಗ ಕೂಸವ್ವ ಅಂದ್ರ ನೀನು ಅಂತ ನಿನಗ ಗೊತ್ತಿತ್ತೇನು? ಕೂಸವ್ವಾ ಅಂತಿದ್ದೆ, ನೀ ತೊಟ್ಟಲ ಹಗ್ಗ ನೋಡ್ಕೋತ ಮಲಗಿರ್ತಿದ್ದಿ. ಎಷ್ಟ ಸಲ ಕರದೆ ಅಂತ ಯಾವಾಕಿ ಎಣಿಸ್ಯಾಳ? ಐದನೇ ತಿಂಗಳಿಗೋ ಆರನೇ ತಿಂಗಳಿಗೋ ಒಂದಿನ ಹೊಳ್ಳಿ ನೋಡಿದಿ. ಆಗ ಯಾ ಬಾಸಿಂಗ ಕಟ್ಟಿದ್ದೆ ನಿನಗ?"

"ಈಗ ನಾ ಕೂಸಲ್ಲವ್ವ. ಈ ವಯಸ್ಸಿಗೆ ಹಂಗ ಹತ್ತೂದಿಲ್ಲ ಅಂತ ಓದೀನಿ."

"ನೀ ಓದೀದಿ. ನಾ ಓದಿಲ್ಲ."

ಬನಶಂಕರಿ ಹತ್ತು ದಿನದ ರಜೆ ಬರೆದು ಕಳಿಸಿದಳು. ಯಾಕೆಂದು ಕೇಳಿದ ಕಾಲಂನಲ್ಲಿ 'ಅಭ್ಯಾಸ' ಎಂದು ಬರೆದಳು.

ಮೊದಲ ದಿನ ಅವಳು ಪಡಸಾಲೆಯಲ್ಲಿ ಗೋಡೆಗೆ ಮುಖ ಮಾಡಿ ಕೂತಳು. ರಾಚವ್ವ ಅಡುಗೆಮನೆಯಿಂದ ಕರೆದಳು, ಅವಳು ಎದ್ದು ಹೋದಳು. ಹಿತ್ತಲಿಂದ ಕರೆದಳು, ಹಿತ್ತಲಿಗೆ ಹೋದಳು. ಕೇಳಿದ್ದೇ ತಿರುಗಬೇಕು, ಯಾರೆಂದು ಯೋಚಿಸಬಾರದು ಎಂದು ತನಗೆ ತಾನೇ ನಿಯಮ ಹಾಕಿಕೊಂಡಳು. ಪ್ರತಿ ಸಲವೂ ಮೊದಲು ಯೋಚನೆ ಬಂತು, ಆಮೇಲೆ ಕುತ್ತಿಗೆ ತಿರುಗಿತು. ಎದೆಯಲ್ಲಿ ಏನೂ ಅಲುಗಲಿಲ್ಲ. ಮೂವತ್ತೊಂದು ವರ್ಷದ ವಿದ್ಯೆಯನ್ನು ನಲವತ್ತು ದಿನಕ್ಕೆ ನುಂಗಿದ ಹುಡುಗಿ ಒಂದು ಹೆಸರಿನ ಮುಂದೆ ದಡ್ಡ ಮಗುವಾಗಿ ಕೂತಿದ್ದಳು. ಮೂರನೆಯ ದಿನ ಸಂಗಪ್ಪ ಮಗ್ಗ ನಿಲ್ಲಿಸಿ, "ಇದೇನ ಆಟ ಹಚ್ಚೀರಿ ತಾಯಿ ಮಗಳು?" ಎಂದು ರೇಗಿದ. ರಾಚವ್ವ ಹಿತ್ತಲಿಂದ ಮತ್ತೊಮ್ಮೆ ಕರೆದಳು. ನಾಲ್ಕನೆಯ ದಿನ ರಾಚವ್ವ ನೀಲವ್ವನ ಮನೆಗೆ ಹೋಗಿ, "ನೀ ಮೊದಲಿನಂಗ ಮಾತಾಡ್ಕೋತ ಬಾರಕ್ಕ, ಮನಿ ಸುಡುಗಾಡ ಆಗೇತಿ," ಎಂದು ಹೇಳಿ ಬಂದಳು. ನೀಲವ್ವ ಆ ಸಂಜೆಯೇ ಬಂದು ಎರಡು ತಿಂಗಳ ಬಾಕಿ ಮಾತನ್ನೆಲ್ಲ ಒಂದೇ ತಾಸಿನಲ್ಲಿ ಆಡಿದಳು. ಬನಶಂಕರಿಯ ಎದೆ ಹಿಗ್ಗಿತು. ಹಿಗ್ಗು ಹೇಗಿರುತ್ತದೆ ಎಂದು ಅವಳು ಆಗ ಗಮನವಿಟ್ಟು ನೋಡಿಕೊಂಡಳು, ಮುಂದೆ ಇನ್ನೊಂದು ಕಡೆ ಅದು ಬಂದರೆ ಗುರುತು ಸಿಗಲಿ ಎಂದು.

ಒಂಬತ್ತನೆಯ ದಿನ ಬೆಳಿಗ್ಗೆ ಅವಳು ಆಣೆಕಟ್ಟಿನಿಂದ ಬಂದ ವರದಿ ಓದುತ್ತ ಕೂತಿದ್ದಳು. ಮರುದಿನ ಹೊರಡಬೇಕಿತ್ತು.

"ಕೂಸವ್ವಾ!"

ಅಡುಗೆಮನೆಯಲ್ಲಿ ಒಬ್ಬ ಹೆಂಗಸು. ಕರೆದದ್ದು ತನ್ನನ್ನು. ಬನಶಂಕರಿ ವರದಿ ಮಡಚಿಟ್ಟು ಎದ್ದು ಹೋದಳು. ರಾಚವ್ವ ಹಂಚಿನ ಮೇಲೆ ರೊಟ್ಟಿ ತಿರುವಿ ಹಾಕುತ್ತಿದ್ದಳು, ಹಿಂದೆ ನೋಡಲಿಲ್ಲ.

"ಏನವ್ವ?"

"ಏನಿಲ್ಲ. ಸುಮ್ನ ಕರದೆ."

ಎದೆಯ ಮೇಲೆ ಕೈಯಿಟ್ಟು ಬನಶಂಕರಿ ಸ್ವಲ್ಪ ಹೊತ್ತು ಬಾಗಿಲಲ್ಲಿ ನಿಂತಳು. ಈ ಸಲವೂ ಏನೂ ಆಗಿರಲಿಲ್ಲ. ಪಡಸಾಲೆಗೆ ತಿರುಗಿ ಬಂದು, ಗೋಡೆಯ ಕಡೆ ಮುಖ ಮಾಡಿ ಕೂತು, ಗಟ್ಟಿಯಾಗಿ ಹೇಳಿದಳು:

"ಇನ್ನೊಮ್ಮಿ ಕರಿ."